ತಾಂತ್ರಿಕ ವಿಭಾಗಗಳು (ಇಂಜಿನಿಯರುಗಳ ಸಂಸ್ಥೆ, ಭಾರತ)

1920ರಲ್ಲಿ ಸ್ಥಾಪಿತವಾಗಿ 1935ರಲ್ಲಿ ರಾಜಸನ್ನದನ್ನು ಪಡೆದ, ಕಲ್ಕತ್ತೆಯಲ್ಲಿ ಪ್ರಧಾನ ಕಚೇರಿಯುಳ್ಳ ಈ ಸಂಸ್ಥೆಯಲ್ಲಿ ಸಿವಿಲ್, ಯಂತ್ರ, ವಿದ್ಯುತ್, ಜವಳಿ ಮೊದಲಾದ 15 ಶಾಸ್ತ್ರವಿಭಾಗಗಳೂ ಸ್ಥಾನಿಕ ಕೇಂದ್ರಗಳೂ ಹಾಸುಹೊಕ್ಕಾಗಿ ಹೆಣೆದುಕೊಂಡಿರುವುದರಿಂದ, ಸದಸ್ಯನು ದೂರದ ಸಮಾನಶಾಸ್ತ್ರಜ್ಞರೊಡನೆಯೂ ನೆರೆಯ ಅನ್ಯಶಾಸ್ತ್ರಜ್ಞರೊಡನೆಯೂ ಬೆರೆಯಬಲ್ಲನು. 1904ರಲ್ಲಿ ವಿಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗವನ್ನು ಹೂಡಿದ, 1982ರಿಂದ ಡಿ.ಕೆ.ಟಿ.ಇ. ಜವಳಿ ಮತ್ತು ಇಂಜಿನಿಯರಿಂಗ್ ವಿದ್ಯಾಲಯವನ್ನು ಪಡೆದಿರುವ ಇಚಲಕರಂಜಿಯಂತಹ ನೇಕಾರಿಕೆಯ ನಗರದಲ್ಲಿ ಜವಳಿ ವಿಭಾಗದ ಪ್ರಯೋಜನವು ಸ್ವಯಂವೇದ್ಯವಾದುದು. ಮಗ್ಗದ ಕಂಪನ, ನೂಲಿನ ಬಿಗುವು, ಬಣ್ಣದ ನೀರಿನ ಶುದ್ಧೀಕರಣ ಇವೆಲ್ಲವೂ ಬಹುಶಾಸ್ತ್ರಗಳ ಸಹಯೋಗವನ್ನು ಬೇಡುವ ಪ್ರಶ್ನೆಗಳು. ವಿಭಾಗ, ಕೇಂದ್ರಗಳ ಇಂತಹ ಬಳಗಗಳು ಉಪನ್ಯಾಸ, ಕಾರ್ಯಾಗಾರ ದರ್ಶನ, ವಿದ್ಯಾರ್ಥಿಶಾಖೆಗಳಿಂದ ಬೆಳೆಯುತ್ತವೆ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನಾಚರಣೆಯೂ ಅವಕ್ಕೆ ಪೋಷಕವಾಗಿದೆ. ಆದರೆ ಹಿರಿಯರು ಅನುಭವವನ್ನು ನಿರ್ವಂಚನೆಯಿಂದ ಹಂಚಿ, ಕಿರಿಯರಿಗೆ ಕಾಲೋಚಿತವಾಗಿ ಹೊಣೆಯೊಪ್ಪಿಸಿದಲ್ಲಿ ಮಾತ್ರವೇ ಅವು ಚಿರಸ್ಥಾಯಿಯಾಗುವುವು.