ದೀವಾನಿನ ಬಾಗಿಲಲ್ಲಿ ಅಶಕ್ತರು

ಅರ್ಜಿ, ದಾಖಲೆ, ಮಂಜೂರು, ಖಜಾನೆ, ತಾಲೂಕು, ತಹಶೀಲ್ದಾರ್. ಅಂಗವಿಕಲ ವೇತನಕ್ಕಾಗಿ ನಾಡಕಚೇರಿಯ ಮೆಟ್ಟಿಲೇರುವ ಕನ್ನಡಿಗರ ಬಾಯಲ್ಲಿ ದಿನವೂ ಹೊರಳುವ ಈ ಪದಗಳ ಬೇರು ಅರಬಿಯಲ್ಲಿದೆ. ಪಾರಸಿ ಮತ್ತು ಉರ್ದುವಿನ ಹಾದಿಯಾಗಿ ಅವು ನಮ್ಮ ನುಡಿಗೆ ಬಂದು ನಮ್ಮವೇ ಆದವು. ಮೈಸೂರು ಸಂಸ್ಥಾನದ ದಿವಾನರ ಹುದ್ದೆಗೆ ಹೆಸರು ಕೊಟ್ಟ ಪದವು ಆರಂಭಿಕ ಇಸ್ಲಾಮೀ ಆಡಳಿತದಲ್ಲಿ ವ್ಯಕ್ತಿಯ ಹೆಸರಾಗಿರಲಿಲ್ಲ, ಒಂದು ದಫ್ತರದ ಹೆಸರಾಗಿತ್ತು. ಯಾರಿಗೆ ಎಷ್ಟು ಸಲ್ಲಬೇಕು ಎಂದು ಬರೆದಿಟ್ಟ ದಫ್ತರ. ಸರಕಾರದ ನೆರವು ಪಡೆಯಲು ಹೋದವನು ಎದುರಿಸುವ ತೊಡಕುಗಳ ಚರಿತ್ರೆಯನ್ನು ನಾವು ಅಲ್ಲಿಂದಲೇ ಆರಂಭಿಸಬಹುದು. ದಫ್ತರ ಹುಟ್ಟಿದೊಡನೆ ತೊಡಕುಗಳೂ ಹುಟ್ಟಿದವು.

ಹಝ್ರತ್ ಅಬೂ ಹುರೈರಾ(ರ) ಬಹರೈನ್ ಪ್ರಾಂತ್ಯದಿಂದ 5 ಲಕ್ಷ ದಿರ್ಹಮ್‌ಗಳೊಂದಿಗೆ ಮದೀನಾಕ್ಕೆ ಬಂದಾಗ ಖಲೀಫಾ ಉಮರ್(ರ) ಆ ಮೊತ್ತವನ್ನು ನಂಬಲಿಲ್ಲ. ನಿಮಗೆ ನಿದ್ದೆಯ ಮಂಪರು, ಮನೆಗೆ ಹೋಗಿ ಮಲಗಿ ಬೆಳಿಗ್ಗೆ ಬನ್ನಿ ಎಂದು ಕಳಿಸಿದರು. ಮರುದಿನವೂ ಅದೇ ಸಂಖ್ಯೆಯನ್ನು ಕೇಳಿದ ಮೇಲೆ ಈ ಹಣವನ್ನು ಹಂಚುವುದು ಹೇಗೆಂಬ ಸಮಾಲೋಚನೆ ನಡೆಯಿತು. ಹೊರನಾಡುಗಳ ಅರಸರು ಇಂಥದಕ್ಕೆ ದೀವಾನ್ ಇಟ್ಟಿರುವುದನ್ನು ಕಂಡಿದ್ದೇವೆ ಎಂಬ ಸಲಹೆ ಬಂತು. ಹಿಜರಿ 20ರಲ್ಲಿ, ಇನ್ನೊಂದು ವರದಿಯ ಪ್ರಕಾರ 15ರಲ್ಲಿ, ಅಕೀಲ್ ಬಿನ್ ಅಬೀತಾಲಿಬ್, ಮಖ್ರಮಾ ಬಿನ್ ನೌಫಲ್ ಮತ್ತು ಜುಬೈರ್ ಬಿನ್ ಮುತ್‌ಇಮ್ ಎಂಬ ಮೂವರು ವಂಶಾವಳಿ ತಜ್ಞರು ಹೆಸರುಗಳನ್ನು ಬರೆಯಲು ಕುಳಿತರು. ಪಟ್ಟಿ ಪ್ರವಾದಿ(ಸ)ಯವರ ಬಂಧುಗಳಿಂದ ಆರಂಭವಾಯಿತು. ಉಮರ್(ರ)ರ ಸ್ವಂತ ಕುಲದವರಾದ ಬನೂ ಅದೀ ತಮ್ಮ ಹೆಸರನ್ನು ಮೇಲಕ್ಕೆ ಎತ್ತಬೇಕೆಂದು ಬಯಸಿದಾಗ ಖಲೀಫಾ ಅವರನ್ನು ಗದರಿ ಕಳಿಸಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಪಟ್ಟಿಯೊಂದು ಸಿದ್ಧವಾಗುವ ಮೊದಲೇ ಶಿಫಾರಸು ಹಾಜರಾಗಿತ್ತು!

ಈ ‘ಅತಾ’ ಎಂಬ ವಾರ್ಷಿಕ ಭತ್ಯೆಯನ್ನು ಇಂದಿನ ಅರ್ಥದ ಸಾರ್ವತ್ರಿಕ ಪಿಂಚಣಿಯೆಂದು ಬಣ್ಣಿಸುವುದು ನಮ್ಮ ಭಾಷಣಗಳಲ್ಲಿ ರೂಢಿ. ಅದು ಸರಿಯಲ್ಲ. ಅದು ಮುಖ್ಯವಾಗಿ ಮದೀನಾದ ನಿವಾಸಿಗಳಿಗೆ, ಕೂಫಾ, ಬಸ್ರಾದಂಥ ಸೇನಾ ನಗರಗಳ ಯೋಧರಿಗೆ ಮತ್ತು ಅವರ ಕುಟುಂಬಗಳಿಗೆ ಸಲ್ಲುತ್ತಿತ್ತು. ಬದ್ರ್‌ನಲ್ಲಿ ಪಾಲ್ಗೊಂಡವರಿಗೆ ವರ್ಷಕ್ಕೆ 5,000 ದಿರ್ಹಮ್, ನಂತರ ಬಂದವರಿಗೆ ಅದಕ್ಕಿಂತ ಕಡಿಮೆ ಎಂಬ ಶ್ರೇಣಿಯೂ ಇತ್ತು. ಅದಕ್ಕೂ ಮೊದಲು ಅಬೂಬಕರ್(ರ) ಎಲ್ಲರಿಗೂ ಸಮನಾಗಿ ಹಂಚಿದ್ದರು. ಆದರೂ ಆ ದಫ್ತರವನ್ನು ನಡೆಸಿದ ರೀತಿಯಲ್ಲಿ ಮೂರು ಸಂಗತಿಗಳು ನಮ್ಮ ಗಮನಕ್ಕೆ ಯೋಗ್ಯವಾಗಿವೆ.

ಮೊದಲನೆಯದು, ಮೊತ್ತವನ್ನು ನಿರ್ಧರಿಸಿದ ಬಗೆ. ಬಲಾದುರಿಯವರು ವರದಿ ಮಾಡುವಂತೆ ಖಲೀಫಾ ಒಂದು ಜರೀಬ್ ಅಳತೆಯ ಹಿಟ್ಟನ್ನು ನಾದಿಸಿ, ರೊಟ್ಟಿ ಮಾಡಿಸಿ, ಎಣ್ಣೆಯಲ್ಲಿ ನೆನೆಸಿ, 30 ಮಂದಿಯನ್ನು ಕರೆದು ಬೆಳಗಿನ ಊಟಕ್ಕೆ ಬಡಿಸಿದರು. ಅವರ ಹೊಟ್ಟೆ ತುಂಬಿತು. ಸಂಜೆ ಇನ್ನೊಂದು ಜರೀಬ್‌ನಿಂದ ಅದನ್ನೇ ಮಾಡಿದರು. 30 ಜನರಿಗೆ ಒಂದು ದಿನಕ್ಕೆ ಸಾಲುವುದು ಒಬ್ಬನಿಗೆ 30 ದಿನಕ್ಕೆ ಸಾಲುತ್ತದೆ. ಹೀಗೆ ತಿಂಗಳಿಗೆ ತಲಾ 2 ಜರೀಬ್ ಪಡಿ ನಿಶ್ಚಯವಾಯಿತು, ಗಂಡಸಿಗೂ ಹೆಂಗಸಿಗೂ ಗುಲಾಮನಿಗೂ ಸಮನಾಗಿ. ಬೊಕ್ಕಸದಲ್ಲಿ ಎಷ್ಟು ಉಳಿದಿದೆ ಎಂದಲ್ಲ, ಒಂದು ಹೊಟ್ಟೆಗೆ ಎಷ್ಟು ಬೇಕು ಎಂದು ಅಳೆದು ಹೊರಟ ಲೆಕ್ಕವಿದು.

ಎರಡನೆಯದು, ದಫ್ತರ ನಡೆದುಹೋದ ದಿಕ್ಕು. ಮಕ್ಕಾ ಮತ್ತು ಮದೀನಾಗಳ ನಡುವೆ ಕುದೈದ್, ಉಸ್ಫಾನ್ ಎಂಬ ಊರುಗಳಿವೆ. ಖುಝಾಆ ಗೋತ್ರದ ದಫ್ತರವನ್ನು ಉಮರ್(ರ) ಸ್ವತಃ ಹೊತ್ತು ಕುದೈದ್‌ಗೆ ಬರುತ್ತಿದ್ದರು; ಅಲ್ಲಿ ಒಬ್ಬ ಮಹಿಳೆಯೂ ಬಿಟ್ಟುಹೋಗದಂತೆ ಪ್ರತಿಯೊಬ್ಬಳ ಕೈಗೂ ಅವಳ ಪಾಲನ್ನು ಕೊಟ್ಟು, ನಂತರ ಉಸ್ಫಾನ್‌ಗೆ ಹೋಗಿ ಹಾಗೆಯೇ ಮಾಡುತ್ತಿದ್ದರು; ಮರಣದವರೆಗೂ ಇದು ನಡೆಯಿತು ಎಂದು ಇಬ್ನು ಸಅದ್ ಅವರ ‘ತಬಕಾತ್’ ದಾಖಲಿಸಿದೆ. ಗಂಡನ ಮೂಲಕ, ಸಹೋದರನ ಮೂಲಕ ಎಂಬ ಮಾತು ಆ ವರದಿಯಲ್ಲಿಲ್ಲ.

ಮೂರನೆಯದು ಎಲ್ಲರೂ ಕೇಳಿರುವ ಕಥೆ. ಆದರೆ ಅದನ್ನು ನಾವು ಸಾಮಾನ್ಯವಾಗಿ ಖಲೀಫಾರ ಕಣ್ಣೀರಿಗಾಗಿ ಹೇಳುತ್ತೇವೆ, ಅದರಲ್ಲಿರುವ ಆಡಳಿತದ ಪಾಠವನ್ನು ಬಿಟ್ಟುಬಿಡುತ್ತೇವೆ. ಶಿಶುಗಳಿಗೆ ಮೊಲೆ ಬಿಡಿಸಿದ ಮೇಲೆ ಮಾತ್ರ ಭತ್ಯೆ ಎಂಬುದು ಆರಂಭದ ನಿಯಮವಾಗಿತ್ತು. ಮೇಲ್ನೋಟಕ್ಕೆ ತರ್ಕಬದ್ಧ: ಹಾಲು ಕುಡಿಯುವ ಮಗುವಿಗೆ ಬೇರೆ ಆಹಾರದ ಖರ್ಚಿಲ್ಲ. ಒಂದು ರಾತ್ರಿ ವರ್ತಕರ ತಂಡವೊಂದು ಮದೀನಾದಲ್ಲಿ ತಂಗಿದ್ದಾಗ, ಅಬ್ದುರ್ರಹ್ಮಾನ್ ಬಿನ್ ಔಫ್(ರ)ರೊಂದಿಗೆ ಕಾವಲಿಗಿದ್ದ ಉಮರ್(ರ) ಮಗುವೊಂದರ ಅಳುವನ್ನು ಕೇಳಿದರು. ತಾಯಿಗೆ ಎರಡು ಮೂರು ಬಾರಿ ಹೇಳಿದರೂ ಅಳು ನಿಲ್ಲಲಿಲ್ಲ. ಎದುರಿಗಿರುವವರು ಯಾರೆಂದು ಅರಿಯದ ಆಕೆ ಬೇಸತ್ತು ಸತ್ಯವನ್ನು ಹೇಳಿಬಿಟ್ಟಳು: ಉಮರ್ ಮೊಲೆ ಬಿಟ್ಟ ಮಗುವಿಗಷ್ಟೇ ಭತ್ಯೆ ಕೊಡುವುದು, ಆದ್ದರಿಂದ ಅವಧಿಗೆ ಮುನ್ನವೇ ಬಿಡಿಸುತ್ತಿದ್ದೇನೆ. ಆ ದಿನದ ಫಜ್ರ್ ನಮಾಝ್‌ನಲ್ಲಿ ಖಲೀಫಾರ ಪಾರಾಯಣ ಬಿಕ್ಕಳಿಕೆಯಿಂದ ಸ್ಪಷ್ಟವಾಗಿ ಕೇಳಿಸಲಿಲ್ಲ. ನಮಾಝಿನ ಬಳಿಕ ಘೋಷಣೆ ಹೊರಟಿತು: ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ. ಆದೇಶ ಎಲ್ಲ ಪ್ರಾಂತ್ಯಗಳಿಗೂ ಹೋಯಿತು.

ಇಲ್ಲಿ ಆ ತಾಯಿಯ ಮೇಲೆ ‘ಸುಳ್ಳು ಫಲಾನುಭವಿ’ ಎಂಬ ಆರೋಪ ಹೊರಿಸಲು ಅವಕಾಶವಿತ್ತು. ಖಲೀಫಾ ಅದನ್ನು ಮಾಡಲಿಲ್ಲ. ತಪ್ಪು ಇರುವುದು ಷರತ್ತಿನಲ್ಲಿ, ಅದಕ್ಕೆ ತನ್ನ ಬದುಕನ್ನು ಬಗ್ಗಿಸಿಕೊಂಡವಳಲ್ಲಿ ಅಲ್ಲ ಎಂದು ಗುರುತಿಸಿ ಷರತ್ತನ್ನೇ ತೆಗೆದುಹಾಕಿದರು.

ದುಡಿಯಲಾರದವರ ಹಕ್ಕಿನ ಬಗ್ಗೆ ಇನ್ನೂ ಹಳೆಯದೊಂದು ದಾಖಲೆಯಿದೆ. ಹಿಜರಿ 12ರಲ್ಲಿ ಖಾಲಿದ್ ಬಿನ್ ವಲೀದ್(ರ) ಇರಾಕಿನ ಹೀರಾ ಪಟ್ಟಣದ ಕ್ರೈಸ್ತರೊಂದಿಗೆ ಮಾಡಿಕೊಂಡ ಒಪ್ಪಂದದ ಪಾಠವನ್ನು, ಹಾರೂನ್ ರಶೀದರಿಗಾಗಿ ‘ಕಿತಾಬುಲ್ ಖರಾಜ್’ ಬರೆದ ಇಮಾಮ್ ಅಬೂ ಯೂಸುಫ್(ರಹ್) ಉದ್ಧರಿಸಿದ್ದಾರೆ. ಮುಪ್ಪಿನಿಂದ ದುಡಿಯಲಾರದವನು, ಆಪತ್ತಿಗೆ ತುತ್ತಾದವನು, ಸ್ಥಿತಿವಂತನಾಗಿದ್ದು ಬಡವನಾಗಿ ತನ್ನ ಮತದವರ ದಾನಕ್ಕೆ ಕೈಯೊಡ್ಡುವಂತಾದವನು, ಈ ಮೂವರಿಗೂ ಜಿಝ್ಯಾ ರದ್ದು. ಅವನನ್ನೂ ಅವನ ಕುಟುಂಬವನ್ನೂ ಬೈತುಲ್ ಮಾಲ್ ಸಾಕಬೇಕು. ಮುಪ್ಪು, ಅಂಗವೈಕಲ್ಯ ಮತ್ತು ಜೀವನೋಪಾಯದ ನಷ್ಟ ಒಂದೇ ವಾಕ್ಯದಲ್ಲಿ ಬಂದಿರುವುದನ್ನು ಓದುಗರು ಗಮನಿಸಬೇಕು.

ಅದೇ ಗ್ರಂಥದಲ್ಲಿ, ಬಾಗಿಲೊಂದರ ಮುಂದೆ ಭಿಕ್ಷೆ ಬೇಡುತ್ತಿದ್ದ ಕುರುಡ ಯಹೂದಿ ವೃದ್ಧನ ಪ್ರಸಂಗವೂ ಇದೆ. ಏಕೆ ಬೇಡುತ್ತಿರುವೆ ಎಂದು ಉಮರ್(ರ) ಕೇಳಿದಾಗ ಆತ ಹೇಳಿದ್ದು ಮೂರು ಕಾರಣ: ಜಿಝ್ಯಾ, ಅಭಾವ, ವಯಸ್ಸು. ಖಲೀಫಾ ಅವನ ಕೈಹಿಡಿದು ತಮ್ಮ ಮನೆಗೆ ಕರೆದೊಯ್ದು ಇದ್ದುದನ್ನು ಕೊಟ್ಟರು. ಕಥೆ ಅಲ್ಲಿಗೇ ನಿಂತಿದ್ದರೆ ಅದು ದಾನದ ಕಥೆಯಾಗುತ್ತಿತ್ತು. ಅವರು ಬೈತುಲ್ ಮಾಲ್‌ನ ಅಧಿಕಾರಿಗೆ ಹೇಳಿ ಕಳಿಸಿದ ಮಾತು ಆ ಒಬ್ಬನನ್ನು ಮಾತ್ರವಲ್ಲ, ಅವನಂಥವರೆಲ್ಲರನ್ನೂ ಕುರಿತದ್ದು. ಯೌವನದಲ್ಲಿ ಅವರಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದು ಅವರ ತರ್ಕ. ಒಬ್ಬನ ದೂರು ಒಂದು ವರ್ಗದ ಹಕ್ಕಾಯಿತು. ಎರಡನೆಯ ವೃದ್ಧ ಮತ್ತೆ ಖಲೀಫಾರ ಕಣ್ಣಿಗೆ ಬೀಳಬೇಕಾದ ಅಗತ್ಯ ಉಳಿಯಲಿಲ್ಲ.

ಉಮಯ್ಯಾ ಕಾಲದಲ್ಲಿ ಅದೇ ದಫ್ತರ ಇನ್ನೊಂದು ಮುಖವನ್ನು ತೋರಿಸಿತು. ಹಿಜರಿ 60ರಲ್ಲಿ ಕೂಫಾದ ರಾಜ್ಯಪಾಲ ಉಬೈದುಲ್ಲಾಹ್ ಬಿನ್ ಝಿಯಾದ್, ಭತ್ಯೆ ಹಂಚುವ ಪ್ರತಿ ಗುಂಪಿನ ಮುಖಂಡನೂ ತನ್ನ ಪಟ್ಟಿಯಲ್ಲಿರುವ ವಿರೋಧಿಗಳ ಹೆಸರು ಬರೆದು ಕೊಡಬೇಕೆಂದೂ, ತಪ್ಪಿದರೆ ಇಡೀ ಗುಂಪಿನ ಭತ್ಯೆ ರದ್ದಾಗುವುದೆಂದೂ ಆಜ್ಞೆ ಹೊರಡಿಸಿದ. ಇಮಾಮ್ ಹುಸೈನ್(ರ)ರಿಗೆ ಪತ್ರ ಬರೆದು ಕರೆದ ಕೂಫಾ ಹೇಗೆ ಮೌನವಾಯಿತು ಎಂದು ಕೇಳುವವರು ಈ ಆಜ್ಞೆಯನ್ನೂ ಓದಬೇಕು. ಫಲಾನುಭವಿಗಳ ಪಟ್ಟಿಯು ಅಂದು ಕಣ್ಗಾವಲಿನ ಪಟ್ಟಿಯಾಯಿತು.

ಅದೇ ವಂಶದ ವಲೀದ್ ಬಿನ್ ಅಬ್ದುಲ್ ಮಲಿಕ್ (ಕ್ರಿ.ಶ. 705–715) ಕುಷ್ಠರೋಗಿಗಳಿಗೆ ಭತ್ಯೆ ಗೊತ್ತುಮಾಡಿ ಜನರಲ್ಲಿ ಬೇಡಬೇಡಿರೆಂದು ಹೇಳಿದ್ದನ್ನೂ, ನಡೆಯಲಾರದ ಪ್ರತಿಯೊಬ್ಬನಿಗೆ ಸೇವಕನನ್ನು, ಪ್ರತಿ ಕುರುಡನಿಗೆ ದಾರಿ ತೋರುವವನನ್ನು ಕೊಟ್ಟಿದ್ದನ್ನೂ ತಬರಿ ಬರೆಯುತ್ತಾರೆ. ಚರಿತ್ರೆಯನ್ನು ಕಪ್ಪು ಬಿಳುಪಿನಲ್ಲಿ ಬಯಸುವವರಿಗೆ ಇದು ಸ್ವಲ್ಪ ಇರಿಸುಮುರಿಸಿನ ಸಂಗತಿ.

ಉಮರ್ ಬಿನ್ ಅಬ್ದುಲ್ ಅಝೀಝ್(ರಹ್) ಅಧಿಕಾರದಲ್ಲಿದ್ದದ್ದು ಎರಡೂವರೆ ವರ್ಷ ಮಾತ್ರ, ಕ್ರಿ.ಶ. 717ರಿಂದ 720. ಖುರಾಸಾನಿನಿಂದ ಮೂವರ ನಿಯೋಗವೊಂದು ಬಂದಾಗ ಇಬ್ಬರು ಅರಬರು ಮಾತಾಡಿದರು, ಮೂರನೆಯವನು ಸುಮ್ಮನೆ ಕುಳಿತಿದ್ದ. ಆತ ಮವಾಲಿ, ಅಂದರೆ ಅರಬೇತರ ಮುಸ್ಲಿಮ್. ನೀನೂ ನಿಯೋಗದವನಲ್ಲವೇ, ಏಕೆ ಮಾತಾಡುತ್ತಿಲ್ಲ ಎಂದು ಖಲೀಫಾ ತಾವಾಗಿ ಕೇಳಿದ ಮೇಲೆ ಹೊರಬಿದ್ದದ್ದು ಇದು: 20,000 ಮವಾಲಿಗಳು ಭತ್ಯೆಯೂ ಪಡಿಯೂ ಇಲ್ಲದೆ ಯುದ್ಧ ಮಾಡುತ್ತಿದ್ದಾರೆ, ಅಷ್ಟೇ ಸಂಖ್ಯೆಯ ನವಮುಸ್ಲಿಮರಿಂದ ಇನ್ನೂ ತೆರಿಗೆ ವಸೂಲಾಗುತ್ತಿದೆ. ಇಂಥವರನ್ನಲ್ಲವೇ ನಿಯೋಗಕ್ಕೆ ಕಳಿಸಬೇಕಾದದ್ದು ಎಂದು ಖಲೀಫಾ ಉದ್ಗರಿಸಿದರಂತೆ. ಮುಸ್ಲಿಮರಾದವರ ತೆರಿಗೆಯನ್ನು ಕೈಬಿಡುವಂತೆ ರಾಜ್ಯಪಾಲನಿಗೆ ಆಜ್ಞೆ ಹೋಯಿತು.

ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದ ಪ್ರಸಂಗ ದಮಸ್ಕಸ್‌ನದು. ಖಲೀಫಾರು ಸಿರಿಯಾದ ನಗರಗಳಿಗೆ ಪತ್ರ ಬರೆದು ಕುರುಡರು, ನಡೆಯಲಾಗದವರು, ಪಾರ್ಶ್ವವಾಯು ಪೀಡಿತರು ಮತ್ತು ದೀರ್ಘ ರೋಗಿಗಳ ಪಟ್ಟಿಯನ್ನು ತರಿಸಿಕೊಂಡು, ಪ್ರತಿ ಕುರುಡನಿಗೊಬ್ಬ ಸಹಾಯಕನನ್ನೂ, ಪ್ರತಿ ಇಬ್ಬರು ರೋಗಿಗಳಿಗೊಬ್ಬ ಸೇವಕನನ್ನೂ ಗೊತ್ತುಪಡಿಸಿದ್ದರು. ಆದರೆ ಆದೇಶಕ್ಕೂ ಫಲಾನುಭವಿಗೂ ನಡುವೆ ಒಬ್ಬ ಅಧಿಕಾರಿ ಇರುತ್ತಾನಷ್ಟೆ. ದಮಸ್ಕಸ್‌ನ ದೀವಾನ್ ನೋಡಿಕೊಳ್ಳುತ್ತಿದ್ದವನು ಅಂಗವಿಕಲನಿಗೆ ಭತ್ಯೆ ಬರೆಯಲು ಆಕ್ಷೇಪಿಸಿದ. ಇಂಥವರಿಗೆ ಉಪಕಾರ ಮಾಡುವುದು ಒಳ್ಳೆಯದೇ, ಆದರೆ ಆರೋಗ್ಯವಂತನ ಪಾಲನ್ನೇ ಇವರು ಪಡೆಯುವುದು ಸಲ್ಲದು ಎಂಬುದು ಅವನ ವಾದ. ಜನ ಖಲೀಫಾರಿಗೆ ದೂರಿತ್ತರು: ಈತ ನಮ್ಮನ್ನು ಸತಾಯಿಸುತ್ತಾನೆ, ನಮಗೆ ಕಷ್ಟ ಕೊಡುತ್ತಾನೆ. ಬಂದ ಉತ್ತರ ಬಹಳ ಚಿಕ್ಕದು. ಪತ್ರ ತಲುಪಿದೊಡನೆ ಜನರನ್ನು ಸತಾಯಿಸುವುದನ್ನು ನಿಲ್ಲಿಸು, ಅವರಿಗೆ ಕಷ್ಟಕೊಡಬೇಡ, ನನಗದು ಇಷ್ಟವಿಲ್ಲ ಎಂಬ ತಾತ್ಪರ್ಯದ್ದು. ಇದನ್ನು ವರದಿ ಮಾಡಿದವನು ಆ ಅಧಿಕಾರಿಯೇ ಎಂಬುದು ಸ್ವಾರಸ್ಯ.

ಆ ಅಧಿಕಾರಿ ದುಷ್ಟನೇನಲ್ಲ. ಖಜಾನೆಯನ್ನು ಕಾಯುತ್ತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿದ್ದ. ‘ಉಪಕಾರ’ ಮತ್ತು ‘ಪಾಲು’ ಎಂಬ ಅವನ ಎರಡು ಪದಗಳ ನಡುವೆಯೇ 1,300 ವರ್ಷಗಳ ಜಗಳ ನಡೆದಿದೆ, ಇಂದಿಗೂ ಮುಗಿದಿಲ್ಲ.

ನಮ್ಮ ನಾಡಿನಲ್ಲಿ ಅದು ಶೇಕಡಾವಾರಿನ ರೂಪದಲ್ಲಿದೆ. 1995ರ ಕಾಯಿದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅದನ್ನು 21ಕ್ಕೆ ಏರಿಸಿತು. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40 ವೈಕಲ್ಯವಿರಬೇಕು. ಕೇಂದ್ರದ ಇಂದಿರಾಗಾಂಧಿ ಅಂಗವಿಕಲ ಪಿಂಚಣಿಗೆ ಶೇ. 80, ಅದರಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಈ ಮೊತ್ತವನ್ನು ಯಾವ 30 ಜನರನ್ನು ಊಟಕ್ಕೆ ಕೂರಿಸಿ ಅಳೆದರೋ! ಕರ್ನಾಟಕ ಸರಕಾರ ತನ್ನ ಬೊಕ್ಕಸದಿಂದ ಶೇ. 40ರಿಂದಲೇ ವೇತನ ನೀಡುತ್ತಿರುವುದು ಸಮಾಧಾನದ ಮಾತು. ಆದರೆ ಗೋಡೆ ಕಟ್ಟುವ ಮೇಸ್ತ್ರಿಗೆ ಬಲಗೈ ಹೋದರೆ ಹೋಗುವುದು ಇಡೀ ದುಡಿಮೆ. ಅಂಗಡಿ ಲೆಕ್ಕ ಬರೆಯುವವನಿಗೆ ಕಾಲು ಹೋದರೆ ಹಾಗಲ್ಲ. ವೈದ್ಯರ ಪ್ರಮಾಣಪತ್ರ ಅಳೆಯುವುದು ಅಂಗವನ್ನು, ದುಡಿಮೆಯನ್ನಲ್ಲ.

ನಿರುದ್ಯೋಗ ಭತ್ಯೆಯಲ್ಲಿ ತೊಡಕು ಬೇರೆ ಬಗೆಯದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿಯಲ್ಲಿ, ತೇರ್ಗಡೆಯಾಗಿ 180 ದಿನಗಳಾದರೂ ಕೆಲಸ ಸಿಗದ ಪದವೀಧರರಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. ತನಗಿನ್ನೂ ಕೆಲಸವಿಲ್ಲವೆಂದು ಅಭ್ಯರ್ಥಿ ಕಾಲಕಾಲಕ್ಕೆ ಘೋಷಿಸುತ್ತಿರಬೇಕು. ಇದ್ದುದಕ್ಕೆ ದಾಖಲೆ ಕೊಡಬಹುದು, ಇಲ್ಲದ್ದಕ್ಕೆ ಪದೇ ಪದೇ ಘೋಷಣೆ ಕೊಡುವುದು ದಣಿವಿನ ಕೆಲಸ. ಹತ್ತನೆಯ ತರಗತಿಗೇ ಓದು ಬಿಟ್ಟು ಗ್ಯಾರೇಜಿನಿಂದ ತೆಗೆಯಲ್ಪಟ್ಟ ಹುಡುಗನಿಗಂತೂ ಈ ಯೋಜನೆಯ ಪಟ್ಟಿಯಲ್ಲಿ ಸ್ಥಳವೇ ಇಲ್ಲ.

ಇನ್ನು ಬೆರಳಚ್ಚು. ವಲೀದ್ ಹುಡುಕಿ ಭತ್ಯೆ ಕೊಟ್ಟದ್ದು ಯಾರಿಗೋ ಅದೇ ರೋಗದಿಂದ ಬೆರಳು ಸವೆದವರು, ಬೆರಳಚ್ಚು ನೀಡಲಾಗದೆ ಪಿಂಚಣಿ ಕಳೆದುಕೊಂಡದ್ದು 2017ರಲ್ಲಿ ಬೆಂಗಳೂರಿನಲ್ಲೇ ಸುದ್ದಿಯಾಗಿತ್ತು. 2025ರ ಏಪ್ರಿಲ್ 30ರಂದು ಸುಪ್ರೀಮ್ ಕೋರ್ಟು, ಕಣ್ಣು ಮಿಟುಕಿಸಿ ಗುರುತು ಸಾಬೀತುಪಡಿಸೆಂದು ಆಸಿಡ್ ದಾಳಿಗೊಳಗಾದವರನ್ನೂ ಅಂಧರನ್ನೂ ಕೇಳುವ ವ್ಯವಸ್ಥೆಯನ್ನು ಬದಲಿಸಬೇಕೆಂದು ತೀರ್ಪಿತ್ತಿತು. ಡಿಜಿಟಲ್ ಸೇವೆಗಳ ಪ್ರವೇಶವು ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಶಿಶುವಿನ ಮೊಲೆ ಬಿಡಿಸುವ ಷರತ್ತಿನಂತೆ ಇದೂ ತಾನೇ ಕುಸಿದುಬೀಳಲಿಲ್ಲ, ಯಾರೋ ಬಾಯಿಬಿಟ್ಟು ಹೇಳಬೇಕಾಯಿತು.

ಸರಕಾರವನ್ನು ದೂರುವಾಗ ನಮ್ಮ ಜಮಾಅತ್‌ಗಳ ಝಕಾತ್ ಸಮಿತಿಗಳನ್ನೂ ನೋಡಿಕೊಳ್ಳಬೇಕು. ವಿಧವೆಯೊಬ್ಬಳು ಕಿಟ್ ಪಡೆಯಲು ಕಾರ್ಡು, ಶಿಫಾರಸು, ಮೇಲೆ ಒಂದು ಫೋಟೋ. ದಮಸ್ಕಸ್‌ನ ಅಧಿಕಾರಿಯ ವಾದ ನಮ್ಮ ಮಸೀದಿ ಕಚೇರಿಗಳಲ್ಲೂ ಆಗಾಗ ಕೇಳಿಬರುತ್ತದೆ.

2016ರ ಕಾಯಿದೆಯ 59ನೆಯ ವಿಧಿ, ಪ್ರಮಾಣಪತ್ರ ನೀಡುವ ಪ್ರಾಧಿಕಾರದ ತೀರ್ಮಾನದಿಂದ ಅನ್ಯಾಯವಾಯಿತೆಂದು ಭಾವಿಸುವವರಿಗೆ ಮೇಲ್ಮನವಿಯ ಹಕ್ಕನ್ನು ಕೊಟ್ಟಿದೆ. ಹೆಚ್ಚಿನವರು ಕಡಿಮೆ ಶೇಕಡಾವಾರು ಬರೆದ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಊರ ಬಸ್ಸು ಹತ್ತುವುದನ್ನೇ ನಾವು ಕಂಡಿದ್ದೇವೆ. ಆ ಮೇಲ್ಮನವಿಗೆ ಬೇಕಾದುದು ತೀರ್ಮಾನದ ಪ್ರತಿ, ನಿಗದಿತ ಅವಧಿಯೊಳಗೆ ಬರೆದ ಒಂದು ಅರ್ಜಿ, ಮತ್ತು ಜಿಲ್ಲಾ ಕೇಂದ್ರದವರೆಗೆ ಜೊತೆಗೆ ಹೋಗಿಬರಲು ಒಬ್ಬ ಮನುಷ್ಯ.