ಹೊನ್ನುಹೊಳೆಯಲ್ಲಿ ಹೊನ್ನಿದೆಯೇ? ಕೋಲಾರದ ಶೋಧ ಹೇಳುವ ಕಥೆ

ಮಾಂಬಳ್ಳಿ, ಯಳಂದೂರು ಬಯಲಿನ ಸುವರ್ಣಾವತಿಗೆ ಹೊನ್ನುಹೊಳೆ ಎಂಬ ಹೆಸರೂ ಉಂಟು. ಎರಡು ಹೆಸರಲ್ಲೂ ಚಿನ್ನವಿದೆ. ಹಾಗಾದರೆ ಹೊಳೆಯಲ್ಲಿ? ಈ ಪ್ರಶ್ನೆಯ ಬೆನ್ನು ಹತ್ತಿದರೆ ದಾರಿ ಕೋಲಾರಕ್ಕೆ ಹೋಗುತ್ತದೆ. ನೆಲದಡಿ ಚಿನ್ನವಿದೆ ಎಂದು ತಿಳಿಯುವುದು ಹೇಗೆ, ಮೊದಲು ತಿಳಿದಿದ್ದವರು ಯಾರು, ಲಾಭ ಯಾರ ಪಾಲಾಯಿತು ಎಂಬ ಮೂರಕ್ಕೂ ಅಲ್ಲಿ ಉತ್ತರವಿದೆ.

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಗಡಿ ಹೊಸದಾಗಿ ನಿಗದಿಯಾಯಿತು. ನಮ್ಮ ನೆಲವೂ ಎರಡಾಯಿತು. ಯಳಂದೂರು ಮೈಸೂರಿನಲ್ಲಿ ಉಳಿಯಿತು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರಲ್ಲಷ್ಟೇ ಮರಳಿ ಬಂತು. ಇದೇ ರಾಜ್ಯದ ಪೂರ್ವ ಗಡಿಯ ಮೋಜಣಿಗೆ ಹೋಗಿದ್ದ ಲೆಫ್ಟಿನೆಂಟ್ ಜಾನ್ ವಾರೆನ್‌ನ ಕಿವಿಗೆ 1802ರಲ್ಲಿ ಕೋಲಾರದ ಕಡೆ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಬಿತ್ತು. ತೋರಿಸಿದವರಿಗೆ ಇನಾಮು ಎಂದ. ಹಳ್ಳಿಯವರು ಮಣ್ಣು ತಂದು ಅವನೆದುರೇ ತೊಳೆದರು. ತಳದಲ್ಲಿ ಚಿನ್ನದ ಕಣಗಳು ಉಳಿದವು. ಮಾರಿಕುಪ್ಪಂ, ಉರಿಗಾಂ ಸುತ್ತ ಜನ ಗುಂಡಿಗಿಳಿದು ಕಲ್ಲು ತೆಗೆದು, ಕುಟ್ಟಿ, ತೊಳೆದು ಚಿನ್ನ ಪಡೆಯುತ್ತಿದ್ದರು. ವಾರೆನ್ ಬರೆದದ್ದು ಅವರು ಮೊದಲೇ ಬಲ್ಲದ್ದನ್ನು.

ಆ ಬರಹ ಸುಮಾರು 70 ವರ್ಷ ಕಡತದಲ್ಲೇ ಕೂತಿತ್ತು. ನ್ಯೂಜಿಲೆಂಡಿನ ಯುದ್ಧದಿಂದ ಬಂದು ಬೆಂಗಳೂರಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕಲ್ ಲವೆಲ್ 1871ರಲ್ಲಿ ಅದನ್ನು ಓದಿ ಎತ್ತಿನಗಾಡಿಯಲ್ಲಿ ಕೋಲಾರಕ್ಕೆ ಹೋದ. 1875ರಲ್ಲಿ ಮೈಸೂರು ಸರ್ಕಾರ ಅವನಿಗೆ ಗುತ್ತಿಗೆ ಕೊಟ್ಟಿತು. ಹಣ ಸಾಲದೆ ಅವನು ಹಕ್ಕನ್ನು ಬೇರೆಯವರಿಗೆ ಬಿಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಅವರಿಗೂ ಮೊದಲ ವರ್ಷಗಳು ಬರೀ ಖರ್ಚಿನವು. ಕಂಪನಿ ಮುಚ್ಚುವ ಮಾತು ಬಂದಾಗ, ಇನ್ನಷ್ಟು ಆಳ ನೋಡೋಣ ಎಂದವರ ಮಾತು ಗೆದ್ದಿತು. ಹಿಂದಿನವರು ಬಿಟ್ಟುಹೋಗಿದ್ದ ಗುಂಡಿಗಳ ಕೆಳಗೆ ಚಾಂಪಿಯನ್ ಲೋಡ್ ಎಂಬ ಶ್ರೀಮಂತ ಅದಿರಿನ ಪದರ ಸಿಕ್ಕಿತು.

ಹಳೆಯ ಗುಂಡಿಗಳೇ ದಾರಿ ತೋರಿದ್ದು ಕೋಲಾರದಲ್ಲಿ ಮಾತ್ರವಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲೂ ಅಷ್ಟೇ. ಅಲ್ಲಿನ ಪುರಾತನ ಗಣಿಗಳ ಮರದ ತುಂಡುಗಳನ್ನು ಪರೀಕ್ಷಿಸಿದಾಗ ಸುಮಾರು 2000 ವರ್ಷ ಹಳೆಯವೆಂದು ತಿಳಿಯಿತು. ಡೈನಮೈಟ್ ಇಲ್ಲದ ಕಾಲದಲ್ಲಿ ಬೆಂಕಿಯಿಂದ ಬಂಡೆ ಕಾಯಿಸಿ ಒಡೆದು ಸುಮಾರು 200 ಮೀಟರ್ ಆಳಕ್ಕೆ ಇಳಿದಿದ್ದ ಆ ಜನರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ.

ಇನ್ನು ಭೂವಿಜ್ಞಾನ. ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ, ಒತ್ತಡ ಮತ್ತು ಶಾಖಕ್ಕೆ ಮಾರ್ಪಟ್ಟು ಕೋಲಾರದ ಕಪ್ಪು ಬಂಡೆಯಾಯಿತು. ಉದ್ದ ಸುಮಾರು 80 ಕಿ.ಮೀ., ಅಗಲ ಕೆಲವೇ ಕಿ.ಮೀ.ಗಳ ಈ ಪಟ್ಟಿ ಆಂಧ್ರ, ತಮಿಳುನಾಡಿನ ಗಡಿಯತ್ತ ಚಾಚಿದೆ. ಆಳದಿಂದ ಮೇಲೆದ್ದ ಬಿಸಿ ದ್ರವ ಬಿರುಕುಗಳಲ್ಲಿ ಹರಿದು, ಬೆಣಚುಕಲ್ಲನ್ನೂ ಚಿನ್ನವನ್ನೂ ಅಲ್ಲಿ ಬಿಟ್ಟಿತು. ಇಂಥ ಶಿಲಾಪಟ್ಟಿಗಳಿಗೆ 'ಧಾರವಾಡ' ಎಂದು ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದ ಮೇಲೆ ಹುಡುಕಾಟ ಕ್ರಮಬದ್ಧವಾಯಿತು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಬಂಡೆ ಬೇರೆ ಜಾತಿಯದು. ಅದು ಚಾರ್ನಕೈಟ್. ಭೂಮಿಯೊಳಗೆ ಬಹಳ ಆಳದಲ್ಲಿ ಬೆಂದು, ಮೇಲಿನ ಪದರಗಳೆಲ್ಲ ಸವೆದ ನಂತರ ಹೊರಗೆ ಕಂಡ ಶಿಲೆ. ಕೋಲಾರದಂಥ ಪಟ್ಟಿಗಳು ಇಂಥ ನೆಲದಲ್ಲಿ ಚೂರುಪಾರಾಗಿ ಉಳಿದಿರುತ್ತವೆ. ಚಾಮರಾಜನಗರ ಜಿಲ್ಲೆಗೆ ಹೆಸರು ತಂದ ಕಲ್ಲು ಕರಿಕಲ್ಲು. ಹೊಳೆಯ ಹೆಸರನ್ನು ನಂಬಿ ಅಗೆಯುವವರು ಗುಂಡ್ಲುಪೇಟೆಯಾಚೆಯ ವೈನಾಡನ್ನು ನೆನೆಯಬೇಕು. ಅಲ್ಲಿನ ದೇವಾಲ, ಪಂದಲೂರಿನಲ್ಲಿ ಬೆಣಚುಕಲ್ಲೂ ಇತ್ತು, ಚಿನ್ನದ ಕುರುಹೂ ಇತ್ತು. 1880ರ ಸುಮಾರಿಗೆ ಲಂಡನ್ನಿನಲ್ಲಿ ಸಾಲುಸಾಲಾಗಿ ಕಂಪನಿಗಳು ಹುಟ್ಟಿ, ಲಕ್ಷಾಂತರ ಪೌಂಡ್ ಬಂಡವಾಳ ಎತ್ತಿ, ಕೆಲವೇ ವರ್ಷಗಳಲ್ಲಿ ಮುಳುಗಿದವು. ಕುರುಹು ಇದ್ದಲ್ಲೆಲ್ಲ ಗಣಿ ಆಗುವುದಿಲ್ಲ. ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ ಇದೆ, ತೆಗೆಯಲು ಎಷ್ಟು ಖರ್ಚು ಎಂಬ ಲೆಕ್ಕವೇ ಕೊನೆಯ ಮಾತು.

ಆದರೂ ಕೋಲಾರದ ಚಿನ್ನಕ್ಕೂ ನಮಗೂ ಗಟ್ಟಿಯಾದ ನಂಟಿದೆ. ಆಳಕ್ಕೆ ಇಳಿದಂತೆಲ್ಲ ಗಣಿಗೆ ಹೆಚ್ಚು ಶಕ್ತಿ ಬೇಕಾಯಿತು. ಅದನ್ನು ಕೊಟ್ಟದ್ದು ನಮ್ಮ ಪಕ್ಕದ ಶಿವನಸಮುದ್ರ. 1902ರ ಜೂನ್ 30ರಂದು ಅಲ್ಲಿಂದ ಸುಮಾರು 147 ಕಿ.ಮೀ. ತಂತಿಯಲ್ಲಿ ವಿದ್ಯುತ್ ಕೋಲಾರ ತಲುಪಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಜಲಪಾತದ ಸುತ್ತಲ ಹಳ್ಳಿಗಳ ಮನೆಗಳಿಗೆ ಬೆಳಕು ಬರಲು ಇನ್ನೂ ದಶಕಗಳು ಹಿಡಿದವು. ನಮ್ಮ ಹೊನ್ನುಹೊಳೆ ಸೇರುವುದೂ ಅದೇ ಕಾವೇರಿಯನ್ನು.

ಕೋಲಾರದ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಹೋಯಿತು. ಸುಮಾರು 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟಿತು. ಅದನ್ನು ಅಗೆದವರಲ್ಲಿ ಬಹುಪಾಲು ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತ ಕೂಲಿಕಾರರು. ಬಂಡೆ ಸಿಡಿದು ಸತ್ತವರು, ಧೂಳಿನಿಂದ ಶ್ವಾಸಕೋಶ ಕೆಟ್ಟವರು ಅವರೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಊರಿಗೆ ಉಳಿದದ್ದು ಮೂರು ಕೋಟಿ ಟನ್ನಿಗೂ ಹೆಚ್ಚಿನ ಸಯನೈಡ್ ಮಣ್ಣಿನ ದಿಬ್ಬಗಳು. ಗಾಳಿ ಬೀಸಿದರೆ ಆ ಧೂಳು ಇಂದಿಗೂ ಮನೆಯೊಳಗೆ ಬರುತ್ತದೆ.

ಹೊನ್ನುಹೊಳೆಯಲ್ಲಿ ಗಣಿ ಆಗುವಷ್ಟು ಹೊನ್ನಿಲ್ಲ ಎಂದರೆ ನಾವು ಬೇಸರ ಪಡಬೇಕಿಲ್ಲ. ಈ ಹೊಳೆಯ ನೀರಿನಿಂದ ಬೆಳೆದ ಭತ್ತ, ಕಬ್ಬು ಪ್ರತಿ ವರ್ಷ ಮರಳಿ ಬರುತ್ತವೆ. ಕೋಲಾರದ ಚಿನ್ನ ಒಂದೇ ಸಲ ಬಂತು, ಹೊರಟೇ ಹೋಯಿತು. ಮುಂದೆ ನಮ್ಮ ರಾಜ್ಯದ ಯಾವುದೇ ಊರಿನಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಬಂದರೆ, ಎಷ್ಟು ಟನ್ ಎಂದು ಕೇಳುವ ಜೊತೆಗೆ ಆ ಊರಿನವರಿಗೆ ಉಳಿಯುವುದೇನು ಎಂದೂ ಕೇಳೋಣ.