ಪಾಲಿಎಥಿಲೀನ್ ಪ್ಯಾಕೇಜಿಂಗ್: ಬಿರುಕು ನಿರೋಧದ ಇತಿಹಾಸ

ಬಾಟಲಿ, ಕ್ಯಾನು, ಪೀಪಾಯಿ, ಹಾಲಿನ ಪ್ಯಾಕೆಟ್ಟು ಮುಂತಾದ ಪಾಲಿಎಥಿಲೀನ್ ಸಾಧನಗಳು ಬಿರುಕು ಬಿಡದೆ, ಸೀಳದೆ, ಬಿಸಿಲಿಗೆ ಪೆಡಸಾಗದೆ ಬಾಳುವಂತೆ ಮಾಡುವ ಪ್ರಯತ್ನ 1940ರ ದಶಕದ ಕೊನೆಯಿಂದ ನಡೆದುಬಂದಿದೆ. ಅದರ ಉದ್ದಕ್ಕೂ ಒಂದೇ ಇಕ್ಕಟ್ಟು ಕಾಣುತ್ತದೆ. ಅಣುಸರಪಳಿಗಳು ಅಚ್ಚುಕಟ್ಟಾಗಿ ಒತ್ತೊತ್ತಾಗಿ ಕೂತಷ್ಟೂ ಪ್ಲಾಸ್ಟಿಕ್ ಗಡುಸಾಗುತ್ತದೆ. ಜೊತೆಗೆ ಬಿರುಕಿಗೆ ಸುಲಭದ ತುತ್ತೂ ಆಗುತ್ತದೆ. ಗಡುಸುತನವನ್ನು ಕಳೆದುಕೊಳ್ಳದೆ ಬಿರುಕನ್ನು ತಡೆಯುವುದು ಹೇಗೆಂಬುದೇ ಈ ಕ್ಷೇತ್ರದ ಮೂಲ ಪ್ರಶ್ನೆ.

ಆರಂಭ

1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದ ವಿನ್ನಿಂಗ್ಟನ್‌ನಲ್ಲಿದ್ದ ಐಸಿಐ ಎಂಬ ರಾಸಾಯನಿಕ ಕಂಪನಿಯ ಪ್ರಯೋಗಾಲಯದಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಥಿಲೀನ್ ಅನಿಲವನ್ನು ಬೆಂಜಾಲ್ಡಿಹೈಡ್ ಜೊತೆ ಭಾರೀ ಒತ್ತಡದಲ್ಲಿ ಕಾಯಿಸಿದಾಗ ಮೇಣದಂಥ ಬಿಳಿ ಘನವಸ್ತು ಸಿಕ್ಕಿತು. 1935ರ ಡಿಸೆಂಬರಿನಲ್ಲಿ ಮೈಕೆಲ್ ಪೆರಿನ್ ತಂಡ ಅದನ್ನು ನಂಬಿಕೆಗೆ ಅರ್ಹವಾದ ವಿಧಾನದಲ್ಲಿ ಮತ್ತೆ ತಯಾರಿಸಿತು. ಎರಡನೆಯ ಮಹಾಯುದ್ಧದಲ್ಲಿ ಇದು ರೇಡಾರ್ ಕೇಬಲ್‌ಗಳ ಹೊದಿಕೆಯಾಯಿತು. ಯುದ್ಧ ಮುಗಿದ ಮೇಲೆ ಮನೆಬಳಕೆಯ ಸಾಮಾನುಗಳಿಗೆ ಇಳಿಯಿತು. 1947ರಲ್ಲಿ ಅಮೆರಿಕದಲ್ಲಿ ಬಂದ ಸ್ಟಾಪೆಟ್ ಎಂಬ ಡಿಯೋಡರೆಂಟಿನ ಹಿಂಡುಬಾಟಲಿ ಪಾಲಿಎಥಿಲೀನ್ ಪ್ಯಾಕೇಜಿಂಗಿನ ಮೊದಲ ದೊಡ್ಡ ಯಶಸ್ಸು. ಹೆಚ್ಚಿನ ಒತ್ತಡದಲ್ಲಿ ತಯಾರಾದ ಈ ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್ (ಎಲ್‌ಡಿಪಿಇ) ಮೆದುವಾಗಿತ್ತು, ಬಾಗುತ್ತಿತ್ತು; ನೀರಿಗೂ ಹಲವು ಆಮ್ಲಗಳಿಗೂ ಜಗ್ಗುತ್ತಿರಲಿಲ್ಲ.

ಒತ್ತಡ ಬಿರುಕಿನ ಪತ್ತೆ

ದೋಷ ಮೊದಲು ಸ್ಪಷ್ಟವಾಗಿ ಕಂಡದ್ದು ಟೆಲಿಫೋನ್ ಕೇಬಲ್‌ಗಳಲ್ಲಿ. ಸೀಸದ ಹೊದಿಕೆಯ ಜಾಗಕ್ಕೆ ಪಾಲಿಎಥಿಲೀನ್ ಬಂದಾಗ, ಬಾಗಿಸಿದ ಕಡೆ ಸಾಬೂನಿನಂಥ ಪದಾರ್ಥ ತಾಗಿದರೆ ಅದು ಸೀಳುತ್ತಿತ್ತು. ಆಶ್ಚರ್ಯವೆಂದರೆ ಸಾಬೂನು ಪ್ಲಾಸ್ಟಿಕನ್ನು ಕರಗಿಸುತ್ತಿರಲಿಲ್ಲ, ಅದರ ರಾಸಾಯನಿಕ ರಚನೆಯನ್ನೂ ಕೆಡಿಸುತ್ತಿರಲಿಲ್ಲ. ಎಳೆತವಿಲ್ಲದಿದ್ದರೆ ಸಾಬೂನಿನಿಂದ ಹಾನಿಯಿಲ್ಲ. ಸಾಬೂನಿಲ್ಲದಿದ್ದರೆ ಅದೇ ಎಳೆತವನ್ನು ಪ್ಲಾಸ್ಟಿಕ್ ದೀರ್ಘಕಾಲ ತಾಳುತ್ತಿತ್ತು. ಎರಡೂ ಕೂಡಿದಾಗ ಮಾತ್ರ ಬರುವ ಈ ವೈಫಲ್ಯವನ್ನು ಪರಿಸರಜನ್ಯ ಒತ್ತಡ ಬಿರುಕು ಎಂದು ಕರೆಯಲಾಯಿತು.

ಬೆಲ್ ಟೆಲಿಫೋನ್ ಪ್ರಯೋಗಾಲಯದ ಡಿಕಾಸ್ಟ್, ಮಾಮ್ ಮತ್ತು ವಾಲ್ಡರ್ 1951ರಲ್ಲಿ ಇದರ ಅಧ್ಯಯನ ಪ್ರಕಟಿಸಿದರು. ಅಲ್ಲಿ ಬೆಳೆದ ಪರೀಕ್ಷೆಯೇ ಮುಂದೆ ಎಎಸ್‌ಟಿಎಂ ಡಿ1693 ಮಾನಕವಾಯಿತು. ಹತ್ತು ಪಟ್ಟಿಗಳಲ್ಲಿ ಬ್ಲೇಡಿನಿಂದ ಸಣ್ಣ ಕಚ್ಚು ಹಾಕಿ, ಬಾಗಿಸಿ ಹಿತ್ತಾಳೆಯ ಚೌಕಟ್ಟಿನಲ್ಲಿ ಸಿಕ್ಕಿಸಿ, ಬಿಸಿಯಾದ ಮಾರ್ಜಕ ದ್ರಾವಣದಲ್ಲಿ ಮುಳುಗಿಸಿಡುತ್ತಾರೆ. ಅರ್ಧದಷ್ಟು ಪಟ್ಟಿಗಳು ಬಿರುಕು ಬಿಡಲು ಹಿಡಿದ ಗಂಟೆಗಳೇ ಆ ಪ್ಲಾಸ್ಟಿಕ್ಕಿನ ಅಂಕ. ಶ್ಯಾಂಪೂ, ದ್ರವ ಮಾರ್ಜಕ, ಕೀಟನಾಶಕ ತುಂಬುವ ಬಾಟಲಿಗಳಿಗೆ ಈ ಅಂಕ ಬಹಳ ಮುಖ್ಯ. ಅವುಗಳಲ್ಲಿ ಬಿರುಕನ್ನು ಪ್ರಚೋದಿಸುವ ದ್ರವ ಒಳಗೇ ಇರುತ್ತದೆ. ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಭಾರವೂ ಸೇರಿಕೊಳ್ಳುತ್ತದೆ.

ಗಡುಸು ಪಾಲಿಎಥಿಲೀನ್

1950ರ ದಶಕದ ಆರಂಭದಲ್ಲಿ ಕಡಿಮೆ ಒತ್ತಡದ ಎರಡು ವಿಧಾನಗಳು ಹೊರಬಂದವು. ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂನಲ್ಲಿ ಪಾಲ್ ಹೋಗನ್ ಮತ್ತು ರಾಬರ್ಟ್ ಬ್ಯಾಂಕ್ಸ್ ಕ್ರೋಮಿಯಂ ಕ್ರಿಯಾವರ್ಧಕವನ್ನು ಬಳಸಿದರು. ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಕಾರ್ಲ್ ಜೀಗ್ಲರ್ 1953ರಲ್ಲಿ ಟೈಟಾನಿಯಂ ಕ್ರಿಯಾವರ್ಧಕವನ್ನು ಕಂಡುಹಿಡಿದು, 1963ರಲ್ಲಿ ಜೂಲಿಯೊ ನಾಟಾ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಈ ವಿಧಾನಗಳಲ್ಲಿ ಸರಪಳಿಗಳಿಗೆ ಕವಲುಗಳು ತೀರ ಕಡಿಮೆ. ಹೀಗೆ ಹುಟ್ಟಿದ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ (ಎಚ್‌ಡಿಪಿಇ) ತೆಳ್ಳಗಿದ್ದರೂ ಆಕಾರ ಬಿಡುತ್ತಿರಲಿಲ್ಲ, ಶಾಖವನ್ನೂ ಹೆಚ್ಚು ತಾಳುತ್ತಿತ್ತು.

ಆದರೆ ಫಿಲಿಪ್ಸ್‌ನ ಮಾರ್ಲೆಕ್ಸ್ ಎಂಬ ಎಚ್‌ಡಿಪಿಇಯಿಂದ ಮಾಡಿದ ಮೊದಲ ಸಾಮಾನುಗಳು ಕಾಲಕ್ರಮೇಣ ಬಿರುಕು ಬಿಟ್ಟವು. ಮಾರಾಟವಾಗದೆ ಗೋದಾಮುಗಳಲ್ಲಿ ಉಳಿದ ಸರಕಿಗೆ ಗಿರಾಕಿಯಾದದ್ದು 1958ರ ಹೂಲಾ ಹೂಪ್ ಆಟಿಕೆಯ ಹುಚ್ಚು. ಶಾಶ್ವತ ಪರಿಹಾರ ರಸಾಯನಶಾಸ್ತ್ರದಿಂದ ಬಂತು. ಎಥಿಲೀನ್ ಜೊತೆ ಅಲ್ಪ ಪ್ರಮಾಣದ ಬ್ಯೂಟೀನ್ ಸೇರಿಸಿದರೆ ಸರಪಳಿಯಲ್ಲಿ ಅಲ್ಲಲ್ಲಿ ಗಿಡ್ಡ ಕವಲುಗಳು ಮೂಡುತ್ತವೆ. ಗಡುಸುತನ ಸ್ವಲ್ಪ ತಗ್ಗುತ್ತದೆ, ಬಿರುಕು ತಾಳುವ ಶಕ್ತಿ ಹಲವು ಪಟ್ಟು ಏರುತ್ತದೆ. ಮಾರ್ಜಕದ ಎಚ್‌ಡಿಪಿಇ ಬಾಟಲಿಗಳು ನೆಲೆಯೂರಿದ್ದು ಈ ಸಹಪಾಲಿಮರ್‌ಗಳ ಬಲದಿಂದ.

ಬಂಧಕ ಅಣುಗಳ ವಿವರಣೆ

ಕವಲುಗಳು ಏಕೆ ಕೆಲಸ ಮಾಡುತ್ತವೆ ಎಂಬುದು ಕ್ರಮೇಣ ತಿಳಿಯಿತು. ಪಾಲಿಎಥಿಲೀನ್ ಒಳಗೆ ತೆಳುಹಾಳೆಯಂಥ ಸ್ಫಟಿಕಗಳಿವೆ. ಅವುಗಳ ನಡುವೆ ಅಸ್ತವ್ಯಸ್ತವಾದ ಮೆದು ಭಾಗವಿದೆ. ಕೆಲವು ಉದ್ದ ಸರಪಳಿಗಳು ಒಂದು ಸ್ಫಟಿಕದಲ್ಲಿ ಹೊಕ್ಕು, ಮೆದು ಭಾಗವನ್ನು ದಾಟಿ, ಇನ್ನೊಂದರಲ್ಲಿ ಬೇರೂರುತ್ತವೆ. ಇವೇ ಬಂಧಕ ಅಣುಗಳು. ಎಳೆತವಿದ್ದಾಗ ಮಾರ್ಜಕ ಮೆದು ಭಾಗಕ್ಕೆ ನುಸುಳಿ ಈ ಅಣುಗಳು ಜಾರಿ ಬಿಡಿಸಿಕೊಳ್ಳಲು ಅನುವು ಮಾಡುತ್ತದೆ. ಹಿಡಿತ ತಪ್ಪಿದಲ್ಲಿ ಬಿರುಕು ಹುಟ್ಟುತ್ತದೆ. ಲಸ್ಟಿಗರ್ ಮತ್ತು ಮಾರ್ಕಮ್ 1983ರಲ್ಲಿ ದೀರ್ಘಕಾಲದ ಭಾರದಡಿಯ ಮುರಿತದಲ್ಲಿ ಈ ಅಣುಗಳ ಪಾತ್ರವನ್ನು ಎತ್ತಿ ತೋರಿದರು. ಉದ್ದ ಸರಪಳಿಯಲ್ಲಿ ಕವಲಿದ್ದರೆ ಅದು ಸ್ಫಟಿಕದಿಂದ ಸುಲಭವಾಗಿ ಕಳಚಿಕೊಳ್ಳುವುದಿಲ್ಲ. ಹಾಗಾಗಿ ಎಷ್ಟು ಕವಲುಗಳಿವೆ ಎಂಬುದರಷ್ಟೇ ಅವು ಯಾವ ಸರಪಳಿಯಲ್ಲಿವೆ ಎಂಬುದೂ ಮುಖ್ಯ. ಸಾಂಪ್ರದಾಯಿಕ ಕ್ರಿಯಾವರ್ಧಕಗಳ ತೊಡಕು ಇಲ್ಲೇ ಇತ್ತು: ಅವು ಕವಲುಗಳನ್ನು ಹೆಚ್ಚಾಗಿ ಗಿಡ್ಡ ಸರಪಳಿಗಳಿಗೆ ಹಂಚುತ್ತಿದ್ದವು.

ಹೊಸ ರಾಳಗಳು

ಡುಪಾಂಟ್ ಕೆನಡಾ 1960ರಲ್ಲೇ ರೇಖೀಯ ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್ (ಎಲ್‌ಎಲ್‌ಡಿಪಿಇ) ತಯಾರಿಸಿತ್ತು. 1977ರಲ್ಲಿ ಯೂನಿಯನ್ ಕಾರ್ಬೈಡ್ ಪ್ರಕಟಿಸಿದ ಯೂನಿಪಾಲ್ ಅನಿಲಸ್ಥಿತಿ ವಿಧಾನ ಅದನ್ನು ಅಗ್ಗವಾಗಿಸಿತು. ಹಾಳೆಗಳು ತೆಳ್ಳಗಾದರೂ ಚುಚ್ಚಿದರೆ, ಎಳೆದರೆ ಬೇಗ ಹರಿಯದಂತಾದವು. ಹ್ಯಾಂಬರ್ಗ್‌ನಲ್ಲಿ ವಾಲ್ಟರ್ ಕಾಮಿನ್‌ಸ್ಕಿ ಮತ್ತು ಹಾನ್ಸ್‌ಯೋರ್ಗ್ ಜಿನ್ 1970ರ ದಶಕದ ಕೊನೆಗೆ ರೂಪಿಸಿದ ಮೆಟಲೊಸೀನ್ ಕ್ರಿಯಾವರ್ಧಕ ವ್ಯವಸ್ಥೆ ಕವಲುಗಳನ್ನು ಎಲ್ಲ ಸರಪಳಿಗಳಿಗೂ ಸಮನಾಗಿ ಹಂಚಿತು; 1990ರ ದಶಕದಲ್ಲಿ ಅದು ಪ್ಯಾಕೇಜಿಂಗ್ ಹಾಳೆಗಳಿಗೆ ಬಂತು. ದ್ವಿಶಿಖರ ಪಾಲಿಎಥಿಲೀನ್ ಇನ್ನೊಂದು ದಾರಿ. ಒಂದು ರಿಯಾಕ್ಟರಿನಲ್ಲಿ ಕವಲಿಲ್ಲದ ಗಿಡ್ಡ ಸರಪಳಿಗಳನ್ನೂ ಮತ್ತೊಂದರಲ್ಲಿ ಕವಲಿರುವ ಉದ್ದ ಸರಪಳಿಗಳನ್ನೂ ಬೆಳೆಸುತ್ತಾರೆ: ಮೊದಲನೆಯವು ಗಡುಸುತನ ಕೊಡುತ್ತವೆ, ಎರಡನೆಯವು ಬಿರುಕನ್ನು ತಡೆಯುತ್ತವೆ. ಫಿನ್ಲೆಂಡಿನ ಪೋರ್ವೊದಲ್ಲಿ 1995ರಲ್ಲಿ ಆರಂಭವಾದ ಬೋರ್‌ಸ್ಟಾರ್ ಸ್ಥಾವರ ಇದರ ಪ್ರಸಿದ್ಧ ಉದಾಹರಣೆ.

ಬಿಸಿಲು ಮತ್ತು ಆಮ್ಲಜನಕದಿಂದ ಆಗುವ ಸವೆತ ಬೇರೆ ಬಗೆಯದು. ಅಲ್ಲಿ ಸರಪಳಿಗಳೇ ತುಂಡಾಗುತ್ತವೆ. ಅದಕ್ಕೆ ಉತ್ಕರ್ಷಣ ನಿರೋಧಕಗಳು, ಇಂಗಾಲದ ಕಪ್ಪುಪುಡಿ ಮತ್ತು ಬೆಳಕು ತಾಳಿಸುವ ಅಮೈನ್ ಸಂಯುಕ್ತಗಳು ಬಳಕೆಗೆ ಬಂದಿವೆ.

ಭಾರತದಲ್ಲಿ

ಪಶ್ಚಿಮ ಬಂಗಾಳದ ರಿಷ್ರಾದಲ್ಲಿ 1959ರಲ್ಲಿ ಪಾಲಿಎಥಿಲೀನ್ ತಯಾರಿಕೆ ಶುರುವಾಯಿತು. ಇಲ್ಲಿನ ಬಹುಬಳಕೆಯ ಉದಾಹರಣೆ ಹಾಲಿನ ಪ್ಯಾಕೆಟ್ಟು. ಕರ್ನಾಟಕದ ನಂದಿನಿ ಹಾಲೂ ಇದೇ ಮಾದರಿಯಲ್ಲಿ ಮನೆ ಸೇರುತ್ತದೆ. ಈ ಹಾಳೆ ಸಾಮಾನ್ಯವಾಗಿ ಎಲ್‌ಡಿಪಿಇ ಮತ್ತು ಎಲ್‌ಎಲ್‌ಡಿಪಿಇಗಳ ಮಿಶ್ರಣ. ಮೊದಲನೆಯದು ಹಾಳೆ ಊದುವ ಕೆಲಸವನ್ನು ಸಲೀಸಾಗಿಸುತ್ತದೆ. ಎರಡನೆಯದು ಕ್ರೇಟಿನಲ್ಲಿ ಎತ್ತಿಹಾಕಿದರೂ ತಾಳುವ ಗಟ್ಟಿತನವನ್ನೂ, ಹಾಲು ತಾಗಿದ ಅಂಚಿನಲ್ಲೂ ನಿಲ್ಲುವ ಬೆಸುಗೆಯನ್ನೂ ಕೊಡುತ್ತದೆ.

ಮರುಬಳಕೆಯ ಸವಾಲು

ಅಮೆರಿಕದ ಹಾಲಿನ ಜಗ್ಗುಗಳು ಕವಲಿಲ್ಲದ ಎಚ್‌ಡಿಪಿಇಯವು. ಅವನ್ನು ಕರಗಿಸಿ ಮಾರ್ಜಕದ ಬಾಟಲಿಗೆ ಬೆರೆಸಿದರೆ ಬಿರುಕು ನಿರೋಧ ಕುಸಿಯುತ್ತದೆ. ಮುಚ್ಚಳಗಳಿಂದ ಬರುವ ಪಾಲಿಪ್ರೊಪಿಲೀನ್ ಕಲಬೆರಕೆಯೂ ದುರ್ಬಲ ಜಾಗಗಳನ್ನು ಸೃಷ್ಟಿಸುತ್ತದೆ. ಮರುಬಳಕೆಯ ರಾಳವನ್ನು ಮೂರು ಪದರದ ಬಾಟಲಿಯ ನಡುವೆ ಇಡುವುದು, ಬಿರುಕು ತಾಳುವ ದ್ವಿಶಿಖರ ರಾಳದೊಂದಿಗೆ ಬೆರೆಸುವುದು ರೂಢಿಯಲ್ಲಿರುವ ಪರಿಹಾರಗಳು. ಭಾರತ ಸರ್ಕಾರದ 2022ರ ಫೆಬ್ರುವರಿಯ ಮಾರ್ಗಸೂಚಿ ಗಡುಸು ಪ್ಲಾಸ್ಟಿಕ್ ಪ್ಯಾಕೇಜಿಂಗಿನಲ್ಲಿ ಮರುಬಳಕೆಯ ಅಂಶ 2025–26ರಲ್ಲಿ ಶೇ. 30, 2028–29ರ ವೇಳೆಗೆ ಶೇ. 60 ಇರಬೇಕೆಂದು ಗೊತ್ತುಪಡಿಸಿದ್ದರಿಂದ, ಮಿಶ್ರ ರಾಳದ ಬಿರುಕು ನಿರೋಧ ಇಲ್ಲಿಯೂ ಉದ್ಯಮದ ಮುಖ್ಯ ಪ್ರಶ್ನೆಯಾಗಿದೆ.